ಹಾಯಿ ಏರಿಸುವ ಮುನ್ನ: ಮುಂಬಯಿ–ಗೋವಾ ಯಾನಮಾರ್ಗದ ಯೋಜನೆ

ಮುಂಬಯಿ ಬಂದರಿನಿಂದ ಗೋವೆಯ ಆಗ್ವಾದ ಭೂಶಿರದವರೆಗಿನ ಸಮುದ್ರಮಾರ್ಗದ ಉದ್ದ ಸುಮಾರು 225 ನಾಟಿಕಲ್ ಮೈಲುಗಳು. ಗಂಟೆಗೆ ಸರಾಸರಿ ಐದು ನಾಟಿಕಲ್ ಮೈಲು ಸಾಗುವ ಹತ್ತು ಮೀಟರ್ ಉದ್ದದ ಹಾಯಿದೋಣಿಯು ಎಲ್ಲಿಯೂ ನಿಲ್ಲದೆ ನಡೆದರೆ ಈ ದೂರವನ್ನು 45 ಗಂಟೆಗಳಲ್ಲಿ ಕ್ರಮಿಸುತ್ತದೆ. ಕೊಂಕಣ ರೈಲುಮಾರ್ಗದಲ್ಲಿ ಒಂದು ರಾತ್ರಿಯ ನಿದ್ರೆಯಲ್ಲಿ ಮುಗಿದುಹೋಗುವ ಪ್ರಯಾಣವಿದು. ಆದರೆ ರೈಲಿನ ಪ್ರಯಾಣಿಕನಿಗೆ ಮಾರ್ಗವನ್ನು ಬೇರೆಯವರು ಹಾಕಿಕೊಟ್ಟಿರುತ್ತಾರೆ. ನಿಲ್ದಾಣಗಳ ವೇಳೆಯನ್ನೂ ಗೊತ್ತುಮಾಡಿರುತ್ತಾರೆ. ಹಾಯಿದೋಣಿಯ ನಾಯಕನು ಈ ಎರಡನ್ನೂ ತಾನೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಈ ಸಿದ್ಧತೆಗೆ ನೌಕಾಶಾಸ್ತ್ರದಲ್ಲಿ ಯಾನಯೋಜನೆ ಎಂದು ಹೆಸರು.

ಯಾನಯೋಜನೆಯು ದೊಡ್ಡ ಹಡಗುಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಹವ್ಯಾಸಿ ನಾವಿಕರಲ್ಲಿ ಕಂಡುಬರುವುದುಂಟು. ಇದು ಸರಿಯಲ್ಲ. ಅಂತರರಾಷ್ಟ್ರೀಯ ಸಾಗರ ಸಂಘಟನೆಯು 1999ರ ನವೆಂಬರ್‌ನಲ್ಲಿ ಅಂಗೀಕರಿಸಿದ ಮಾರ್ಗಸೂಚಿಯಲ್ಲಿ ಯಾನಯೋಜನೆಯ ನಾಲ್ಕು ಹಂತಗಳನ್ನು ಹೇಳಲಾಗಿದೆ: ಮಾಹಿತಿಯನ್ನು ಕಲೆಹಾಕಿ ತೂಗಿನೋಡುವುದು, ಯೋಜನೆಯನ್ನು ಬರೆಯುವುದು, ಅದರಂತೆ ನಡೆಯುವುದು, ನಡೆಯುತ್ತಿರುವಾಗ ಸ್ಥಾನವನ್ನು ಆಗಾಗ ಪರೀಕ್ಷಿಸುವುದು. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯ ಐದನೆಯ ಅಧ್ಯಾಯದ 34ನೆಯ ನಿಯಮದ ಮೂಲಕ ಇದಕ್ಕೆ 2002ರ ಜುಲೈ 1ರಿಂದ ಕಾನೂನಿನ ಬಲ ದೊರೆಯಿತು. ಸಮುದ್ರಕ್ಕೆ ಹೊರಡುವ ಮುನ್ನ ಮಾರ್ಗದಲ್ಲಿ ಇರಬಹುದಾದ ಅಪಾಯಗಳನ್ನೂ ಪ್ರತಿಕೂಲ ಹವೆಯನ್ನೂ ಊಹಿಸಿ ಯೋಜನೆ ಮಾಡಿಕೊಂಡಿರಬೇಕೆಂಬ ತತ್ತ್ವವು ವಿಹಾರದ ದೋಣಿಗಳಿಗೂ ಅನ್ವಯಿಸುತ್ತದೆ.

ಮುಂಬಯಿ–ಗೋವಾ ಮಾರ್ಗವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಯೋಜನೆಯನ್ನು ಹೇಗೆ ರೂಪಿಸಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ. ಇಲ್ಲಿ ಕೊಟ್ಟಿರುವ ದೂರಗಳು ವಿಷಯವನ್ನು ತಿಳಿಯಲು ಸಾಕಾಗುವಷ್ಟು ಸ್ಥೂಲವಾದವು. ಯಾನಕ್ಕೆ ಹೊರಡುವವರು ನಕ್ಷೆಯಿಂದಲೇ ಅಳೆದುಕೊಳ್ಳತಕ್ಕದ್ದು.

ನಕ್ಷೆ ಮತ್ತು ಅದರ ಪ್ರಮಾಣ

ಭಾರತದ ಸಮುದ್ರಗಳ ನೌಕಾನಕ್ಷೆಗಳನ್ನು ಡೆಹರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿಯು ಸಿದ್ಧಪಡಿಸಿ ಪ್ರಕಟಿಸುತ್ತದೆ. ಸಮುದ್ರದಿಂದ ಇಷ್ಟು ದೂರದ ಗುಡ್ಡಗಾಡಿನಲ್ಲಿ ಸಮುದ್ರದ ನಕ್ಷೆ ತಯಾರಾಗುವುದು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ 1954ರಿಂದಲೂ ಈ ಕಾರ್ಯ ಅಲ್ಲಿಯೇ ನಡೆದುಬಂದಿದೆ. ನಕ್ಷೆಗಳ ಜೊತೆಗೆ ದೀಪಸ್ತಂಭಗಳ ಪಟ್ಟಿ, ಕರಾವಳಿಯ ವರ್ಣನೆಯುಳ್ಳ ಮಾರ್ಗದರ್ಶಿ ಸಂಪುಟಗಳು ಹಾಗೂ ನಾವಿಕರಿಗೆ ಸೂಚನೆಗಳು ಎಂಬ ಪ್ರಕಟಣೆಯೂ ಅಲ್ಲಿಂದ ಹೊರಡುತ್ತವೆ. ಕೊನೆಯದನ್ನು ಹಲವರು ಅಲಕ್ಷಿಸುತ್ತಾರೆ. ಹೊಸದಾಗಿ ಮುಳುಗಿದ ಹಡಗಿನ ಅವಶೇಷ, ಆರಿಹೋದ ದೀಪ, ಸ್ಥಳ ಬದಲಿಸಿದ ತೇಲುಗುರುತು ಇವೆಲ್ಲ ಮೊದಲು ತಿಳಿಯುವುದು ಈ ಸೂಚನೆಗಳಿಂದ. ಹತ್ತು ವರ್ಷ ಹಳೆಯ ನಕ್ಷೆಯನ್ನು ತಿದ್ದಿಕೊಳ್ಳದೆ ಕೊಂಡೊಯ್ಯುವವನು ಹತ್ತು ವರ್ಷ ಹಿಂದಿನ ಸಮುದ್ರದಲ್ಲಿ ಯಾನ ಮಾಡುತ್ತಿರುತ್ತಾನೆ.

ನಕ್ಷೆಯಲ್ಲಿ ನೀರಿನ ಭಾಗದಲ್ಲಿ ಅಚ್ಚಾಗಿರುವ ಅಂಕಿಗಳು ಆಳವನ್ನು ಮೀಟರುಗಳಲ್ಲಿ ತಿಳಿಸುತ್ತವೆ. ನೀರು ಬಹುತೇಕ ಅತ್ಯಂತ ಕೆಳಗಿಳಿದಿರುವಾಗಿನ ಮಟ್ಟವನ್ನು ಆಧಾರವಾಗಿಟ್ಟುಕೊಂಡು ಈ ಆಳವನ್ನು ಕೊಟ್ಟಿರುತ್ತಾರೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ ಸಮ. ಆದುದರಿಂದ ನಕ್ಷೆಯ ಎಡಬಲ ಅಂಚಿನ ಅಕ್ಷಾಂಶಪಟ್ಟಿಯೇ ನಾವಿಕನ ಅಳತೆಗೋಲು. ಗಂಟೆಗೆ ಒಂದು ನಾಟಿಕಲ್ ಮೈಲಿನ ವೇಗಕ್ಕೆ ನಾಟ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಮಾತಿಗೆ ಗಂಟು ಎಂದೇ ಅರ್ಥ. ಹಿಂದಿನ ಕಾಲದಲ್ಲಿ ಸಮಾನ ಅಂತರದಲ್ಲಿ ಗಂಟುಗಳಿದ್ದ ಹಗ್ಗವನ್ನು ಹಡಗಿನ ಹಿಂದೆ ಇಳಿಯಬಿಟ್ಟು, ಮರಳುಗಡಿಯಾರದ ಮರಳು ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದುವೆಂದು ಎಣಿಸಿ ವೇಗವನ್ನು ಹೇಳುತ್ತಿದ್ದರು. ಅನುವಾದಕನಿಗೆ 'ಐದು ಗಂಟು ವೇಗ' ಎಂದು ಬರೆಯುವ ಆಸೆಯಾದರೂ ಓದುಗರ ಅನುಕೂಲಕ್ಕಾಗಿ ನಾಟ್ ಎಂದೇ ಉಳಿಸಿಕೊಳ್ಳಲಾಗಿದೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕಾದುದು ನಕ್ಷೆಯ ಪ್ರಮಾಣಕ್ಕೆ. ಭಾರತದ ಕರಾವಳಿಯ ಉದ್ದ 7,516 ಕಿ.ಮೀ. ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇತ್ತೀಚಿನ ಸರ್ಕಾರಿ ಅಂಕಿಯಂತೆ ಅದು 11,098 ಕಿ.ಮೀ. ಇಷ್ಟು ವ್ಯತ್ಯಾಸಕ್ಕೆ ಮುಖ್ಯ ಕಾರಣ ಹೊಸ ಭೂಮಿ ಸೇರಿದ್ದಲ್ಲ. ಹಿಂದಿನ ಅಳತೆಯನ್ನು 45 ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಯಿಂದ ತೆಗೆದಿದ್ದರು. ಹೊಸ ಅಳತೆಯನ್ನು ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಯಿಂದ ತೆಗೆಯಲಾಯಿತು. ಮೊದಲಿನ ನಕ್ಷೆಯಲ್ಲಿ ನೇರ ಗೆರೆಯಾಗಿ ಕಂಡಲ್ಲಿ ಎರಡನೆಯದರಲ್ಲಿ ಕೊಲ್ಲಿಗಳು, ಅಳಿವೆಗಳು, ಮೂಲೆಮುಡುಕುಗಳು ಕಾಣಿಸಿಕೊಂಡವು. ಅಂಕಿಸಂಖ್ಯೆಯ ಪುಸ್ತಕದಲ್ಲಿ ಇದರಿಂದ ಯಾರಿಗೂ ಹಾನಿಯಿಲ್ಲ. ಸಮುದ್ರದಲ್ಲಿ ಹಾಗಲ್ಲ.

2014ರ ನವೆಂಬರ್ 29ರ ರಾತ್ರಿ ವೋಲ್ವೋ ಓಷನ್ ರೇಸ್ ಎಂಬ ವಿಶ್ವಪರ್ಯಟನ ಸ್ಪರ್ಧೆಯಲ್ಲಿ ಕೇಪ್‌ಟೌನ್‌ನಿಂದ ಅಬುಧಾಬಿಗೆ ಸಾಗುತ್ತಿದ್ದ 'ಟೀಮ್ ವೆಸ್ಟಾಸ್ ವಿಂಡ್' ಎಂಬ ಹಾಯಿದೋಣಿಯು ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಎಂಬ ಹವಳದ ದಿಬ್ಬಕ್ಕೆ ಸುಮಾರು 19 ನಾಟ್ ವೇಗದಲ್ಲಿ ಅಪ್ಪಳಿಸಿತು. ದೋಣಿಯಲ್ಲಿದ್ದವರು ಒಂಬತ್ತು ಮಂದಿ, ಬಹುತೇಕ ಎಲ್ಲರೂ ವೃತ್ತಿಪರ ನಾವಿಕರು. ಉಪಕರಣಗಳಿಗೆ ಕೊರತೆಯಿರಲಿಲ್ಲ. ಆ ದಿಬ್ಬವು ನಾವಿಕರಿಗೆ ಶತಮಾನಗಳಿಂದ ತಿಳಿದದ್ದು. ಎಲ್ಲ ವಿವರವಾದ ನಕ್ಷೆಗಳಲ್ಲಿಯೂ ಇದ್ದದ್ದು. ಆದರೆ ಗಣಕದ ಪರದೆಯ ಮೇಲೆ ವಿಶಾಲ ಪ್ರದೇಶವನ್ನು ಒಮ್ಮೆಗೇ ನೋಡುವಾಗ ನಕ್ಷೆಯು ವಿವರಗಳನ್ನು ತಾನಾಗಿ ಕೈಬಿಡುತ್ತದೆ. ಆ ಸ್ಥಳವನ್ನು ಹಿಗ್ಗಿಸಿ ನೋಡದ ಹೊರತು ದಿಬ್ಬದ ನಿಜಸ್ವರೂಪ ಕಾಣುತ್ತಿರಲಿಲ್ಲ. ಯಾರೂ ಹಿಗ್ಗಿಸಿ ನೋಡಲಿಲ್ಲ. ಅದೃಷ್ಟವಶಾತ್ ಒಂಬತ್ತು ಮಂದಿಯೂ ಬದುಕಿ ಉಳಿದರು.

ಕೈಯಲ್ಲಿರುವ ಮೊಬೈಲಿನಲ್ಲೋ ಸಣ್ಣ ಪರದೆಯಲ್ಲೋ ನಕ್ಷೆ ನೋಡುವ ಅಭ್ಯಾಸ ಬೆಳೆದಿರುವ ಈ ದಿನಗಳಲ್ಲಿ ಈ ಘಟನೆಯನ್ನು ಎಲ್ಲ ಹವ್ಯಾಸಿಗಳೂ ನೆನಪಿನಲ್ಲಿಡಬೇಕಾಗಿದೆ. ಮಾರ್ಗದ ಗೆರೆಯನ್ನು ಎಳೆದಾದ ಮೇಲೆ, ಅದರ ಆರಂಭದಿಂದ ಅಂತ್ಯದವರೆಗೂ, ಇಕ್ಕೆಲಗಳಲ್ಲಿ ಕೆಲವು ಮೈಲುಗಳಷ್ಟು ನೀರನ್ನು ಅತ್ಯಂತ ವಿವರವಾದ ಪ್ರಮಾಣದಲ್ಲಿ ಅಂಗುಲ ಅಂಗುಲವಾಗಿ ಪರೀಕ್ಷಿಸತಕ್ಕದ್ದು. ಈ ಕೆಲಸವನ್ನು ದಡದಲ್ಲಿಯೇ ಮುಗಿಸಬೇಕು. ಓಲಾಡುವ ದೋಣಿಯಲ್ಲಿ, ನಿದ್ರೆಗೆಟ್ಟ ಕಣ್ಣುಗಳಿಗೆ ಇದು ಸಾಧ್ಯವಾಗುವುದಿಲ್ಲ.

ನಮ್ಮ ಮಾರ್ಗದಲ್ಲಿಯೂ ಇಂಥ ಸ್ಥಳವಿದೆ. ವಿಜಯದುರ್ಗದಿಂದ ಆಗ್ವಾದಕ್ಕೆ ಸ್ಥೂಲವಾದ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಮಾಲವಣದ ನೆಲವನ್ನೂ ಬಂಡೆಗಳನ್ನೂ ತುಳಿದುಕೊಂಡು ಹೋಗುತ್ತದೆ. ಸಿಂಧುದುರ್ಗದ ಕೋಟೆಯ ಸುತ್ತಮುತ್ತಲ ಸಮುದ್ರ ಬಂಡೆಗಳಿಂದ ತುಂಬಿದೆ. ಅದಕ್ಕೂ ದಕ್ಷಿಣಕ್ಕೆ, ತೀರದಿಂದ ಹಲವು ಮೈಲು ಆಚೆ, ವೆಂಗುರ್ಲೆ ಬಂಡೆಗಳೆಂಬ ಸಣ್ಣ ದ್ವೀಪಗಳ ಗುಂಪು ತಲೆಯೆತ್ತಿ ನಿಂತಿದೆ. ಅವುಗಳ ಮೇಲೆ ದೀಪಸ್ತಂಭವಿದೆ. ಅಪರಿಚಿತನು ಈ ಬಂಡೆಗಳಿಗೂ ತೀರಕ್ಕೂ ನಡುವೆ ನುಸುಳುವ ಯೋಚನೆಯನ್ನು ಬಿಟ್ಟು, ಅವುಗಳ ಪಶ್ಚಿಮಕ್ಕೆ ಸಾಕಷ್ಟು ದೂರದಲ್ಲಿ ಒಂದು ತಿರುವುಬಿಂದುವನ್ನು ಗೊತ್ತುಮಾಡಿಕೊಂಡು ಹೊರಗಿನಿಂದ ಸುತ್ತಿಬರುವುದು ಲೇಸು. ಇದರಿಂದ ದಾರಿ ಹೆಚ್ಚುವುದು ಕೆಲವೇ ಮೈಲು.

ಅಳಿವೆ ಮತ್ತು ಉಬ್ಬರ

ಕೊಂಕಣ ತೀರದ ಆಶ್ರಯಸ್ಥಾನಗಳಲ್ಲಿ ಬಹುಪಾಲು ನದಿಗಳ ಅಳಿವೆಗಳೇ. ನದಿ ಸಮುದ್ರವನ್ನು ಸೇರುವ ಜಾಗಕ್ಕೆ 'ನದೀಮುಖ' ಎಂಬ ಪುಸ್ತಕದ ಮಾತಿದ್ದರೂ ನಮ್ಮ ಕರಾವಳಿಯ ಜನ ಬಳಸುವ ಅಳಿವೆ ಎಂಬ ಮಾತು ಹೆಚ್ಚು ಉಚಿತವಾದುದು. ಅಳಿವೆಯ ಬಾಯಿಯಲ್ಲಿ ನದಿ ತಂದ ಮರಳನ್ನು ಸಮುದ್ರದ ತೆರೆಗಳು ತಡೆದು ಅಡ್ಡಲಾಗಿ ದಿಬ್ಬ ಕಟ್ಟುತ್ತವೆ. ಮಳೆಗಾಲ ಕಳೆದ ಮೇಲೆ ಈ ದಿಬ್ಬ ಹಿಂದಿನ ವರ್ಷ ಇದ್ದಲ್ಲೇ ಇರುವುದೆಂಬ ಭರವಸೆಯಿಲ್ಲ. ಹೊನ್ನಾವರದ ಶರಾವತಿ ಅಳಿವೆಯನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಥಳೀಯ ತಂಡೇಲರನ್ನು ವಿಚಾರಿಸುವುದಕ್ಕೆ ಯಾವ ನಕ್ಷೆಯೂ ಬದಲಿಯಾಗಲಾರದು.

ಉಬ್ಬರವಿಳಿತದ ವೇಳೆ ಮತ್ತು ಎತ್ತರಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿವರ್ಷ ಕೋಷ್ಟಕ ರೂಪದಲ್ಲಿ ಪ್ರಕಟಿಸುತ್ತದೆ. ನಮ್ಮ ಪಶ್ಚಿಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯಲ್ಲಿ ನೀರಿನ ಏರಿಳಿತ ನಾಲ್ಕು ಮೀಟರನ್ನೂ ಮೀರುವುದುಂಟು. ದಕ್ಷಿಣಕ್ಕೆ ಹೋದಂತೆ ಇದು ಕಡಿಮೆಯಾಗುತ್ತ ಗೋವಾ, ಕಾರವಾರಗಳಲ್ಲಿ ಎರಡು ಮೀಟರಿನ ಆಸುಪಾಸಿಗೆ ಇಳಿಯುತ್ತದೆ.

ನೀರು ಆರು ಗಂಟೆಗಳಲ್ಲಿ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು ಪಾಲು ಏರುತ್ತದೆ. ನಾವಿಕರು ಬಾಯಿಪಾಠವಾಗಿ ಇಟ್ಟುಕೊಳ್ಳುವ ಲೆಕ್ಕವಿದು. ಒಂದು ಉದಾಹರಣೆಯನ್ನು ನೋಡೋಣ. ಒಂದು ಅಳಿವೆಯ ದಿಬ್ಬದ ಮೇಲೆ ನಕ್ಷೆ ತೋರಿಸುವ ಆಳ 1.2 ಮೀಟರ್ ಎನ್ನೋಣ. ನಮ್ಮ ದೋಣಿಯ ತಳ ನೀರಿನಲ್ಲಿ 1.8 ಮೀಟರ್ ಇಳಿದಿರುತ್ತದೆ. ತೆರೆಗಳಲ್ಲಿ ದೋಣಿ ಏರಿ ಬೀಳುವುದಕ್ಕಾಗಿ ಇನ್ನೊಂದು ಮೀಟರ್ ಕೈಕಾವಲು ಬೇಕು. ಒಟ್ಟು 2.8 ಮೀಟರ್ ನೀರಿರಬೇಕಾದರೆ ಉಬ್ಬರದ ಎತ್ತರ 1.6 ಮೀಟರ್ ಆಗಿರಬೇಕು. ಅಂದು ಬೆಳಗಿನ ಆರಕ್ಕೆ ಇಳಿತ 0.4 ಮೀಟರ್, ಮಧ್ಯಾಹ್ನ ಹನ್ನೆರಡಕ್ಕೆ ಉಬ್ಬರ 2.4 ಮೀಟರ್ ಆಗಿದ್ದರೆ, ಮೇಲಿನ ಲೆಕ್ಕದಂತೆ ಒಂಬತ್ತೂವರೆಯ ಹೊತ್ತಿಗೆ ಬೇಕಾದಷ್ಟು ನೀರು ಬರುತ್ತದೆ. ಮಧ್ಯಾಹ್ನ ಎರಡೂವರೆಯವರೆಗೆ ಇರುತ್ತದೆ.

ಕಾಗದದ ಮೇಲೆ ಐದು ಗಂಟೆಗಳ ಅವಕಾಶ ದೊರೆತಂತಾಯಿತು. ಆದರೆ ವಿವೇಕಿಯಾದ ನಾವಿಕನು ಇದರ ಮೊದಲ ಅರ್ಧವನ್ನು ಮಾತ್ರ ಬಳಸುತ್ತಾನೆ. ಹನ್ನೆರಡರ ನಂತರ ನೀರು ಅಳಿವೆಯಿಂದ ಹೊರಕ್ಕೆ ಹರಿಯತೊಡಗುತ್ತದೆ. ಅದೇ ಹೊತ್ತಿಗೆ ಕಡಲಗಾಳಿ ಬಲವಾಗಿ ಒಳಕ್ಕೆ ಬೀಸುತ್ತಿರುತ್ತದೆ. ಎದುರುಬದುರಾದ ನೀರು ಮತ್ತು ಗಾಳಿಗಳ ನಡುವೆ ತೆರೆಗಳು ಕಡಿದಾಗಿ ಎದ್ದು ದಿಬ್ಬದ ಮೇಲೆ ಮುರಿಯುತ್ತವೆ. ಆಳ ಸಾಕಷ್ಟಿದ್ದರೂ ದೋಣಿ ಮಗುಚುವುದು ಇಂಥಲ್ಲಿಯೇ. ಹೊರಗಿನಿಂದ ಬರುವವನಿಗೆ ಮುರಿಯುವ ತೆರೆಗಳ ಬೆನ್ನು ಮಾತ್ರ ಕಾಣುತ್ತದೆ. ಅವುಗಳ ಉಗ್ರತೆ ಒಳಹೊಕ್ಕ ಮೇಲೆಯೇ ತಿಳಿಯುತ್ತದೆ. ಇನ್ನೂ ಏರುತ್ತಿರುವ ನೀರಿನಲ್ಲಿ ದಿಬ್ಬಕ್ಕೆ ತಳ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ನೀರೇ ದೋಣಿಯನ್ನು ಎತ್ತಿ ಬಿಡಿಸುತ್ತದೆ ಎಂಬುದು ಉಬ್ಬರದಲ್ಲಿ ಪ್ರವೇಶಿಸುವುದರ ಇನ್ನೊಂದು ಲಾಭ.

ಋತು, ಗಾಳಿ, ದೂರದ ತೆರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಕಾಲದಲ್ಲಿ ಈ ಮಾರ್ಗ ಹಾಯಿದೋಣಿಗೆ ಮುಚ್ಚಿದಂತೆಯೇ ಸರಿ. ಅಕ್ಟೋಬರ್–ನವೆಂಬರ್ ಮತ್ತು ಮೇ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಭವವಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರಶಸ್ತ ಕಾಲ. ಆ ದಿನಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಹಗುರವಾದ ಗಾಳಿ ಬರುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಅದು ಅಡಗಿ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಅಪರಾಹ್ನ ಬಲಗೊಂಡು ಸಂಜೆಯ ಮೇಲೆ ಶಾಂತವಾಗುತ್ತದೆ.

ಇದರಿಂದ ಒಂದು ಮುಖ್ಯವಾದ ತೀರ್ಮಾನಕ್ಕೆ ಬರಬೇಕಾಗುತ್ತದೆ. ವಾಯವ್ಯದ ಗಾಳಿ ದಕ್ಷಿಣಕ್ಕೆ ಹೋಗುವವನ ಬೆನ್ನಿಗಿದ್ದರೆ ಉತ್ತರಕ್ಕೆ ಮರಳುವವನ ಮುಖಕ್ಕಿರುತ್ತದೆ. ಹಾಯಿದೋಣಿಯು ಗಾಳಿಗೆ ನೇರ ಎದುರಾಗಿ ಸಾಗಲಾರದು. ಅಂಕುಡೊಂಕಾಗಿ, ಓರೆ ಓರೆಯಾಗಿ ಮುಂದುವರಿಯಬೇಕು. ಹೋಗುವಾಗ ಎರಡು ದಿನಗಳ ದಾರಿ ಬರುವಾಗ ನಾಲ್ಕು ದಿನಗಳಾಗುವುದು ಅಪೂರ್ವವಲ್ಲ. ಚಳಿಗಾಲದಲ್ಲಿ ತೀರದುದ್ದಕ್ಕೂ ಉತ್ತರಾಭಿಮುಖವಾಗಿ ಹರಿಯುವ ಮಂದವಾದ ಪ್ರವಾಹದಿಂದ ಸ್ವಲ್ಪ ನೆರವು ದೊರೆಯಬಹುದಾದರೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಗೋವೆಗೆ ಹೋಗುವ ಯೋಜನೆಯನ್ನು ಉತ್ಸಾಹದಿಂದ ಸಿದ್ಧಪಡಿಸಿ, ಮರಳುವುದನ್ನು 'ಅದೇ ದಾರಿ' ಎಂದು ಒಂದು ಸಾಲಿನಲ್ಲಿ ಮುಗಿಸುವವರು ಸೋಮವಾರ ಕಚೇರಿಗೆ ಹಾಜರಾಗಬೇಕೆಂಬ ಅವಸರದಲ್ಲಿ ಹೊರಡಬಾರದ ದಿನ ಹೊರಡುತ್ತಾರೆ. ರಜೆಯ ಲೆಕ್ಕವನ್ನು ಮರಳುವ ದಿನಗಳಿಂದಲೇ ಆರಂಭಿಸುವುದು ಒಳ್ಳೆಯದು. ದಿನಗಳು ಸಾಲದಿದ್ದರೆ ದೋಣಿಯನ್ನು ಗೋವೆಯಲ್ಲಿ ಸುರಕ್ಷಿತವಾಗಿ ಕಟ್ಟಿ ರೈಲಿನಲ್ಲಿ ಬರುವುದರಲ್ಲಿ ಅಪಮಾನವೇನೂ ಇಲ್ಲ.

ಭಾರತ ಹವಾಮಾನ ಇಲಾಖೆಯು ತೀರಪ್ರದೇಶದ ಸಮುದ್ರಕ್ಕಾಗಿ ಸಾಮಾನ್ಯ ದಿನಗಳಲ್ಲಿಯೂ ದಿನಕ್ಕೆರಡು ಬಾರಿ ಹವಾವರದಿಯನ್ನು ಹೊರಡಿಸುತ್ತದೆ. ತೆರೆಗಳ ಎತ್ತರ ಮತ್ತು ದಿಕ್ಕುಗಳ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಭಾರತ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೀಡುತ್ತದೆ. ಇವೆರಡನ್ನೂ ನೋಡಬೇಕು, ಏಕೆಂದರೆ ಗಾಳಿಯಿಲ್ಲದ ದಿನವೂ ದೊಡ್ಡ ತೆರೆಗಳಿರಬಹುದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಎದ್ದ ಉದ್ದನೆಯ ತೆರೆಗಳು ಸಾವಿರಾರು ಮೈಲು ಸಾಗಿ ಶುಭ್ರವಾದ ಹವೆಯಲ್ಲಿ ನಮ್ಮ ತೀರವನ್ನು ಮುಟ್ಟುತ್ತವೆ. ಕೇರಳದ ಬೆಸ್ತರು ಇದಕ್ಕೆ ಕಳ್ಳನಂತೆ ಬರುವ ಕಡಲು ಎಂಬ ಅರ್ಥದಲ್ಲಿ 'ಕಳ್ಳಕ್ಕಡಲ್' ಎಂದು ಹೆಸರಿಟ್ಟಿದ್ದಾರೆ. ಕನ್ನಡಿಗನಿಗೆ ಅನುವಾದವೇ ಬೇಡದ ಈ ಮಾತು ಈಗ ವಿಜ್ಞಾನದ ಪರಿಭಾಷೆಗೂ ಸೇರಿದೆ. ಆಳವಾದ ನೀರಿನಲ್ಲಿ ಇಂಥ ತೆರೆ ದೋಣಿಯನ್ನು ಮೆಲ್ಲನೆ ತೂಗುತ್ತದೆ, ಅಷ್ಟೆ. ಅಳಿವೆಯ ದಿಬ್ಬದ ಮೇಲೆ ಅದೇ ತೆರೆ ಗೋಡೆಯಾಗುತ್ತದೆ.

ದಿನದ ಲೆಕ್ಕ

ಮಾರ್ಗವನ್ನು ಹಗಲಿನ ತುಂಡುಗಳಾಗಿ ವಿಭಜಿಸಿಕೊಳ್ಳುವುದು ಹೊಸಬರಿಗೆ ಕ್ಷೇಮಕರ. ಮುಂಬಯಿಯಿಂದ ಮುರುಡ್‌ವರೆಗೆ ಸುಮಾರು 40 ಮೈಲು. ಮುರುಡ್‌ನಿಂದ ಶಾಸ್ತ್ರಿ ನದಿಯ ಅಳಿವೆಯಲ್ಲಿರುವ ಜೈಗಡಕ್ಕೆ 60. ಜೈಗಡದಿಂದ ರತ್ನಾಗಿರಿಯನ್ನು ಹಾದು ವಿಜಯದುರ್ಗಕ್ಕೆ 50ರ ಸುಮಾರು. ಅಲ್ಲಿಂದ ವೆಂಗುರ್ಲೆ ಬಂಡೆಗಳನ್ನು ಹೊರಗಿನಿಂದ ಸುತ್ತಿ ಆಗ್ವಾದಕ್ಕೆ 75. ಮುಂಬಯಿ ಬಿಡುವಾಗ ನಗರದ ದಕ್ಷಿಣ ತುದಿಯ ಬಂಡೆಗಳ ಮೇಲೆ 1875ರಲ್ಲಿ ಕಟ್ಟಿದ ಪ್ರಾಂಗ್ಸ್ ದೀಪಸ್ತಂಭವೂ, ಮುಂದೆ 1867ರಿಂದ ಬೆಳಗುತ್ತಿರುವ ಖಾಂದೇರಿ ದೀಪಸ್ತಂಭವೂ ಗುರುತುಗಳಾಗಿ ಒದಗುತ್ತವೆ. ಈ ಭಾಗದಲ್ಲಿ ಬೆಸ್ತರು ಗೂಟಗಳಿಗೆ ಕಟ್ಟಿ ನೀರಿನಲ್ಲಿ ನಿಲ್ಲಿಸುವ ಡೋಲ್ ಬಲೆಗಳು ಹೇರಳ. ರಾತ್ರಿ ಅವು ಕಾಣುವುದಿಲ್ಲ. ದೋಣಿಯ ಚುಕ್ಕಾಣಿಗೋ ಯಂತ್ರದ ಪಂಖಕ್ಕೋ ಸುತ್ತಿಕೊಂಡರೆ ದೋಣಿಗೂ ಅಪಾಯ, ಒಂದು ಕುಟುಂಬದ ಜೀವನೋಪಾಯಕ್ಕೂ ನಷ್ಟ. ಆದ್ದರಿಂದ ಮೊದಲ ಭಾಗವನ್ನು ಹಗಲಿನಲ್ಲೇ ಮುಗಿಸುವುದು ಉಚಿತ.

ಎರಡನೆಯ ಭಾಗದ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಡಿಸೆಂಬರ್‌ನಲ್ಲಿ ಕೊಂಕಣದಲ್ಲಿ ಸೂರ್ಯಾಸ್ತ ಸಂಜೆ ಆರರ ಸುಮಾರಿಗೆ. ಜೈಗಡದಲ್ಲಿ ಲಂಗರು ಹಾಕಲು ಎರಡು ಗಂಟೆಗಳ ಬೆಳಕನ್ನು ಉಳಿಸಿಕೊಂಡರೆ ನಾಲ್ಕು ಗಂಟೆಗೆ ತಲುಪಬೇಕು. ಐದು ನಾಟ್ ವೇಗಕ್ಕೆ 60 ಮೈಲು ಹನ್ನೆರಡು ಗಂಟೆಯ ದಾರಿ. ಬೆಳಗಿನ ನಾಲ್ಕಕ್ಕೆ ಮುರುಡ್ ಬಿಡಬೇಕಾಯಿತು. ಹೀಗೆ ಹಿಂದಿನಿಂದ ಮುಂದಕ್ಕೆ ಎಣಿಸುವುದೇ ಯಾನಯೋಜನೆಯ ತಿರುಳು. ಹೊರಡುವ ವೇಳೆಯನ್ನು ಮೊದಲು ನಿರ್ಧರಿಸಿ ಸೇರುವ ವೇಳೆಯನ್ನು ದೈವಕ್ಕೆ ಬಿಡುವ ಕ್ರಮವು ಬಹುತೇಕ ಅವಘಡಗಳ ಬೀಜ.

ಆದರೆ ಬೆಳಗಿನ ಗಾಳಿ ಮಂದವಾಗಿದ್ದು ಸರಾಸರಿ ವೇಗ ನಾಲ್ಕು ನಾಟ್‌ಗೆ ಇಳಿದರೆ? ಹದಿನೈದು ಗಂಟೆಗಳು ಬೇಕಾಗುತ್ತವೆ. ಜೈಗಡಕ್ಕೆ ಸೇರುವಾಗ ಸಂಜೆ ಏಳು, ಪೂರ್ತಿ ಕತ್ತಲೆ. ಈ ಪ್ರಶ್ನೆಗೆ ಉತ್ತರವನ್ನು ಸಂಜೆ ಐದಕ್ಕೆ ಹುಡುಕತೊಡಗಿದರೆ ತಡವಾಗಿರುತ್ತದೆ. ಮುರುಡ್‌ನಿಂದ ಸುಮಾರು 30 ಮೈಲು ದೂರದಲ್ಲಿ, ಸುವರ್ಣದುರ್ಗದ ಕೋಟೆಯ ಬಳಿ, ಶುಭ ಹವೆಯಲ್ಲಿ ಲಂಗರು ಹಾಕಬಹುದಾದ ಹರ್ಣೈ ಇದೆ. ಬೆಳಿಗ್ಗೆ ಹನ್ನೊಂದರೊಳಗೆ ಹರ್ಣೈಯನ್ನು ದಾಟದಿದ್ದರೆ ಅಂದಿನ ಯಾನವನ್ನು ಅಲ್ಲಿಗೇ ಮುಗಿಸತಕ್ಕದ್ದೆಂದು ಯೋಜನೆಯಲ್ಲಿ ಮೊದಲೇ ಬರೆದಿಡಬೇಕು.

ವಿಜಯದುರ್ಗವು ಈ ತೀರದ ಅತ್ಯುತ್ತಮ ಆಶ್ರಯಗಳಲ್ಲೊಂದು. ವಾಘೋಟನ್ ನದಿಯ ಅಳಿವೆಯಲ್ಲಿರುವ ಈ ಬಂದರಿಗೆ ಇತರ ಅಳಿವೆಗಳಂತೆ ಅಡ್ಡದಿಬ್ಬದ ಕಾಟವಿಲ್ಲ. ಆಂಗ್ರೆಯವರ ನೌಕಾಪಡೆ ಇದನ್ನು ತನ್ನ ನೆಲೆಯಾಗಿ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿಂದ ಮುಂದಿನ 75 ಮೈಲು ಹದಿನೈದು ಗಂಟೆಗಳ ದಾರಿಯಾದ್ದರಿಂದ ಒಂದು ಹಗಲಿನಲ್ಲಿ ಮುಗಿಯದು. ದೇವಗಡದಲ್ಲಿಯೋ ಮಾಲವಣದಲ್ಲಿಯೋ ತಂಗಬಹುದು. ಆದರೆ ಮಾಲವಣದ ಪ್ರವೇಶ ಅಪರಿಚಿತರಿಗಲ್ಲ. ಸಂಜೆ ಆರಕ್ಕೆ ವಿಜಯದುರ್ಗ ಬಿಟ್ಟು, ತೀರದಿಂದ ದೂರ ಉಳಿದು, ನಡುರಾತ್ರಿ ಕಳೆದು ಎರಡು ಮೂರು ಗಂಟೆಯ ಹೊತ್ತಿಗೆ ವೆಂಗುರ್ಲೆಯ ದೀಪವನ್ನು ಎಡಕ್ಕಿಟ್ಟುಕೊಂಡು ಸುತ್ತಿ, ಬೆಳಿಗ್ಗೆ ಒಂಬತ್ತಕ್ಕೆ ಆಗ್ವಾದವನ್ನು ಕಾಣುವುದು ಈ ಲೇಖಕನಿಗೆ ಹೆಚ್ಚು ಸಮಂಜಸವೆನಿಸುತ್ತದೆ. ಹಗಲಿನಲ್ಲಿ ಮಬ್ಬಿನಲ್ಲಿ ಕರಗಿಹೋಗುವ ಬಂಡೆ ರಾತ್ರಿ ತನ್ನ ದೀಪದಿಂದ ತಾನಿರುವ ಜಾಗವನ್ನು ಸಾರುತ್ತದೆ.

ದೀಪ ಎಷ್ಟು ದೂರದಿಂದ ಕಾಣುವುದೆಂಬುದಕ್ಕೂ ಲೆಕ್ಕವಿದೆ. ಸಮುದ್ರಮಟ್ಟದಿಂದ ದೀಪದ ಎತ್ತರ ಮತ್ತು ನೋಡುವವನ ಕಣ್ಣಿನ ಎತ್ತರ, ಇವೆರಡರ ವರ್ಗಮೂಲಗಳನ್ನು ಕೂಡಿಸಿ 2.08ರಿಂದ ಗುಣಿಸಿದರೆ ದೂರ ನಾಟಿಕಲ್ ಮೈಲುಗಳಲ್ಲಿ ದೊರೆಯುತ್ತದೆ. ದೀಪ 49 ಮೀಟರ್ ಎತ್ತರದಲ್ಲಿದ್ದು ಕಣ್ಣು 4 ಮೀಟರ್ ಎತ್ತರದಲ್ಲಿದ್ದರೆ ಏಳು ಮತ್ತು ಎರಡು ಸೇರಿ ಒಂಬತ್ತು, ಗುಣಲಬ್ಧ 18.7 ಮೈಲು. ದೀಪದ ಪ್ರಖರತೆ ಸಾಕಷ್ಟಿದ್ದರೆ ಅಷ್ಟು ದೂರದಲ್ಲಿ ಅದು ಕ್ಷಿತಿಜದ ಮೇಲೆ ಮೂಡಬೇಕು. ಲೆಕ್ಕದ ವೇಳೆಗೆ ಮೂಡದಿದ್ದರೆ ನಾವು ಭಾವಿಸಿದಲ್ಲಿ ನಾವಿಲ್ಲ ಎಂದರ್ಥ. ದಿಕ್ಕನ್ನು ತೀರದಿಂದ ದೂರಕ್ಕೆ ತಿರುಗಿಸಿ ಮರುಪರೀಕ್ಷೆ ಮಾಡತಕ್ಕದ್ದು. ರಾತ್ರಿಯಾನಕ್ಕೆ ಬೆಳುದಿಂಗಳು ಅನುಕೂಲ. ಆದರೆ ಹುಣ್ಣಿಮೆಯ ದಿನಗಳಲ್ಲೇ ಉಬ್ಬರವಿಳಿತದ ಸೆಳೆತವೂ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ.

ಹಿಂದಿರುಗುವ ನಿರ್ಧಾರ

2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಅಲ್ಪಾವಧಿಯಲ್ಲಿ ಬಲಗೊಂಡ ಓಖಿ ಚಂಡಮಾರುತಕ್ಕೆ ಕೇರಳ, ತಮಿಳುನಾಡುಗಳ ಅನೇಕ ಬೆಸ್ತರು ಬಲಿಯಾದರು. ದಿನಗಳ ಮೊದಲೇ ಆಳಸಮುದ್ರಕ್ಕೆ ಹೋಗಿದ್ದ ದೋಣಿಗಳಿಗೆ ಎಚ್ಚರಿಕೆ ಮುಟ್ಟುವ ದಾರಿ ಇರಲಿಲ್ಲ. ಆ ದಿನಗಳಲ್ಲಿ ಉತ್ತರಕ್ಕೆ ಓಡಿದ ಹಲವಾರು ದೋಣಿಗಳು ಇದೇ ಸಿಂಧುದುರ್ಗ ಜಿಲ್ಲೆಯ ತೀರವನ್ನು ಸೇರಿ ಉಳಿದುಕೊಂಡವು. ಆಶ್ರಯ ಎಲ್ಲಿದೆ ಎಂಬ ಅರಿವು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ. ಯೋಜನೆಯಲ್ಲಿ ಪ್ರತಿ ಹಂತಕ್ಕೂ ಹತ್ತಿರದ ಆಶ್ರಯದ ಹೆಸರು, ಅಲ್ಲಿಗಿರುವ ದೂರ ಮತ್ತು ದಿಕ್ಕು, ಯಾವ ಗಾಳಿಯಲ್ಲಿ ಅದು ನಿರುಪಯುಕ್ತವಾಗುತ್ತದೆ ಎಂಬ ಟಿಪ್ಪಣಿ ಇರಬೇಕು.

ಇದರೊಡನೆ, ಎಂತಹ ಸಂದರ್ಭದಲ್ಲಿ ಯಾನವನ್ನು ಕೈಬಿಡಲಾಗುವುದು ಎಂಬುದನ್ನೂ ಅಂಕಿಗಳಲ್ಲಿ ಬರೆಯಬೇಕು: ಗಾಳಿ ಇಷ್ಟು ನಾಟ್ ಮೀರಿದರೆ, ಇಷ್ಟು ಗಂಟೆಯೊಳಗೆ ಇಂಥ ಸ್ಥಳ ದಾಟದಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಸಮುದ್ರರೋಗ ಹತ್ತಿದರೆ. ದಡದಲ್ಲಿ ಕುಳಿತು ಬರೆಯುವಾಗ ಇದು ಅನಾವಶ್ಯಕ ಕಟ್ಟುನಿಟ್ಟೆಂದು ತೋರಬಹುದು. ಆದರೆ ಬಂದರಿನ ದೀಪಗಳು ಕಾಣುತ್ತಿರುವಾಗ, ಎಲ್ಲರೂ ದಣಿದಿರುವಾಗ, ಕತ್ತಲೆಯಲ್ಲಿ ಅಳಿವೆಯನ್ನು ಹೊಕ್ಕುಬಿಡೋಣ ಎಂಬ ಸೆಳೆತಕ್ಕೆ ಎದುರಾಡುವ ಶಕ್ತಿ ಮನುಷ್ಯನಿಗೆ ಉಳಿದಿರುವುದಿಲ್ಲ. ಆಗ ಕಾಗದದ ಮೇಲಿನ ಅಕ್ಷರಗಳು ಅವನ ಪರವಾಗಿ ಮಾತನಾಡುತ್ತವೆ. ಆಳವಾದ ನೀರಿಗೆ ಮರಳಿ, ಹಾಯಿ ತಗ್ಗಿಸಿ, ತೀರದಿಂದ ದೂರದಲ್ಲಿ ಬೆಳಗಾಗುವವರೆಗೆ ಕಾಯುವುದು ಅಹಿತಕರವಾದರೂ ಸುರಕ್ಷಿತವಾದ ಮಾರ್ಗ.

ಕೊನೆಯದಾಗಿ, ಯೋಜನೆಯ ಒಂದು ಪ್ರತಿ ದಡದಲ್ಲಿ ಉಳಿಯಬೇಕು. ಜವಾಬ್ದಾರಿಯುಳ್ಳ ಬಂಧುವೊಬ್ಬರ ಕೈಯಲ್ಲಿ ದೋಣಿಯ ಹೆಸರು, ಬಣ್ಣ, ಅದರಲ್ಲಿರುವವರ ಹೆಸರುಗಳು, ತಂಗುವ ಸ್ಥಳಗಳು, ಪ್ರತಿ ಸ್ಥಳಕ್ಕೆ ತಲುಪುವ ನಿರೀಕ್ಷಿತ ವೇಳೆ ಇವಿಷ್ಟನ್ನೂ ಬರೆದುಕೊಡಬೇಕು. ತೀರದಿಂದ ಸ್ವಲ್ಪ ದೂರ ಹೋದೊಡನೆ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ ದೋಣಿಯಲ್ಲಿ ವಿ.ಎಚ್.ಎಫ್. ರೇಡಿಯೋ ಅವಶ್ಯ, ಅದರ 16ನೆಯ ವಾಹಿನಿ ತುರ್ತು ಕರೆಗೆ ಮೀಸಲು. 406 ಮೆಗಾಹರ್ಟ್ಸ್‌ನ ಅಪಾಯಸೂಚಕ ಯಂತ್ರವಿದ್ದರೆ ಅದರ ಕೂಗು ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಭಾರತೀಯ ನಿಯಂತ್ರಣ ಕೇಂದ್ರವನ್ನು ಮುಟ್ಟಿ, ಅಲ್ಲಿಂದ ತಟರಕ್ಷಣಾ ಪಡೆಯ ಶೋಧಕೇಂದ್ರಕ್ಕೆ ರವಾನೆಯಾಗುತ್ತದೆ. ಯಂತ್ರವನ್ನು ದೋಣಿಯ ವಿವರಗಳೊಡನೆ ನೋಂದಾಯಿಸಿರಬೇಕು. ಇಲ್ಲವಾದರೆ ಕೂಗಿದವರು ಯಾರೆಂದು ತಿಳಿಯುವುದರಲ್ಲೇ ಕಾಲಹರಣವಾಗುತ್ತದೆ. ತಟರಕ್ಷಣಾ ಪಡೆಯ ತುರ್ತು ದೂರವಾಣಿ ಸಂಖ್ಯೆ 1554.

ದಡದಲ್ಲಿರುವ ಬಂಧುವು ನಿರೀಕ್ಷಿತ ವೇಳೆ ಮೀರಿ ಎಷ್ಟು ಗಂಟೆ ಕಾದು ಈ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು. ಅಂತೆಯೇ, ಆಗ್ವಾದದಲ್ಲಿ ಲಂಗರು ಬಿದ್ದ ಮೇಲೆ ಸ್ನಾನ ಊಟಗಳಿಗೂ ಮುನ್ನ ಮಾಡಬೇಕಾದ ಕೆಲಸವೆಂದರೆ ತಲುಪಿದ ಸುದ್ದಿಯನ್ನು ಅವರಿಗೆ ಮುಟ್ಟಿಸುವುದು. ಇದನ್ನು ಮರೆತರೆ, ಗೋವೆಯ ಹೋಟೆಲಿನಲ್ಲಿ ಮಲಗಿರುವವರನ್ನು ಹುಡುಕಲು ತಟರಕ್ಷಣಾ ಪಡೆಯ ಹಡಗು ರಾತ್ರಿಯ ಸಮುದ್ರಕ್ಕೆ ಹೊರಡಬೇಕಾದೀತು.